ಕಸ ತಗ್ಗಿಸಿ ಇಂಧನ ಉಳಿಸುವ ದಾರಿಗಳು: ಹಾಸನ, ಚಿಕ್ಕಮಗಳೂರಿನ ಮನೆ–ತೋಟದವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಕಲೇಶಪುರ, ಮೂಡಿಗೆರೆ, ಬೇಲೂರು, ಅರಸೀಕೆರೆ ಕಡೆಯ ಮನೆಯವರೂ ಸಣ್ಣ ಬೆಳೆಗಾರರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ದೊಡ್ಡ ನಗರದ ಫ್ಲ್ಯಾಟುಗಳಿಗೆ ಬರೆದ ಸಲಹೆ ನಮ್ಮ ಮಳೆಗೆ, ನಮ್ಮ ಕೊಟ್ಟಿಗೆಗೆ, ನಮ್ಮ ಕಾಫಿ ಕಣಕ್ಕೆ ಹೊಂದುವುದಿಲ್ಲ. ಈ ಎರಡು ಜಿಲ್ಲೆಗಳಲ್ಲಿ ಕಸದ ಮಾತನ್ನೂ ಇಂಧನದ ಮಾತನ್ನೂ ಬೇರೆ ಬೇರೆ ಆಡಲಾಗದು. ಸಗಣಿ, ಕಾಫಿ ಸಿಪ್ಪೆ, ಹೊಟ್ಟು, ತೆಂಗಿನ ಮಟ್ಟೆ, ಹೊಂಗೆ ಬೀಜ ಎಲ್ಲವೂ ಒಂದೋ ಒಲೆಗೆ ಬರುತ್ತವೆ, ಇಲ್ಲವೇ ಗಿಡದ ಬುಡಕ್ಕೆ. ಉತ್ತರಗಳು ಅಲ್ಲಿಂದಲೇ ಶುರುವಾಗುತ್ತವೆ.

ಮನೆಯಲ್ಲಿ ಮೊದಲು ಯಾವುದಕ್ಕೆ ಕೈ ಹಾಕಬೇಕು?

ಬಿಸಿನೀರಿಗೆ. ಬಲ್ಬು ಬದಲಿಸುವುದು ಸುಲಭ, ಅದನ್ನೂ ಮಾಡಿ. ಆದರೆ ಲೆಕ್ಕ ನೋಡಿ: 100 ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಸುಮಾರು 3 ಯೂನಿಟ್ ವಿದ್ಯುತ್ ಬೇಕು. ಅಷ್ಟೇ ವಿದ್ಯುತ್ತಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು 300 ಗಂಟೆಗೂ ಹೆಚ್ಚು ಉರಿಯುತ್ತದೆ. ಚಿಕ್ಕಮಗಳೂರಿನ ಡಿಸೆಂಬರಿನ ಬೆಳಿಗ್ಗೆ ತಣ್ಣೀರು ಸ್ನಾನ ಮಾಡಿ ಎಂದು ಯಾರಿಗೂ ಹೇಳಲಾಗದು. ಹಾಗಾಗಿ ಆ ಶಾಖವನ್ನು ಎಲ್ಲಿಂದ ತರುತ್ತೀರಿ ಎಂಬುದೇ ಮನೆಯ ಇಂಧನ ಲೆಕ್ಕದ ದೊಡ್ಡ ಬಾಬ್ತು.

ಬಚ್ಚಲ ಹಂಡೆಗೆ ಸೌದೆ ಉರಿಸುತ್ತೇವೆ. ಅದು ತಪ್ಪೇ?

ತಪ್ಪಲ್ಲ. ತೋಟದಲ್ಲಿ ಪ್ರತಿ ವರ್ಷ ನೆರಳು ಬಿಡಿಸುವಾಗ ಸಿಲ್ವರ್ ಓಕ್ ರೆಂಬೆ, ಹಳೆಯ ಕಾಫಿ ಕಾಂಡ ಹೇಗೂ ಬೀಳುತ್ತದೆ. ಅದನ್ನು ಉರಿಸುವುದರಿಂದ ಕಾಡಿಗೆ ನಷ್ಟವಿಲ್ಲ. ನಷ್ಟ ಇರುವುದು ಉರಿಸುವ ರೀತಿಯಲ್ಲಿ. ಮೂರು ಕಲ್ಲಿನ ತೆರೆದ ಒಲೆಯಲ್ಲಿ ಸೌದೆಯ ಶಾಖದಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ. ಮಿಕ್ಕಿದ್ದು ಗೋಡೆಗೆ, ಗಾಳಿಗೆ, ಊದುವವರ ಕಣ್ಣಿಗೆ.

ಸುಧಾರಿಸುವುದು ಕಷ್ಟವಿಲ್ಲ. ಮೊದಲನೆಯದು ಒಣ ಸೌದೆ. ಆಗಷ್ಟೇ ಕಡಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರುತ್ತದೆ. ಆ ನೀರನ್ನು ಆವಿ ಮಾಡುವುದಕ್ಕೇ ಬೆಂಕಿ ಸವೆದುಹೋಗುತ್ತದೆ. ಫೆಬ್ರವರಿ, ಮಾರ್ಚಿಯಲ್ಲಿ ಸೀಳಿ, ಗಾಳಿಯಾಡುವಂತೆ ಮಾಡಿನ ಕೆಳಗೆ ಪೇರಿಸಿಟ್ಟ ಸೌದೆ ಜೂನ್ ಮಳೆಗೆ ಸಿದ್ಧವಾಗಿರುತ್ತದೆ. ಎರಡನೆಯದು ಮುಚ್ಚಿದ ಒಲೆ: ಕೆಳಗೆ ಬೂದಿ ಜಾರುವ ಕಂಬಿಜಾಲರಿ, ಸುತ್ತ ಮಣ್ಣಿನ ದಪ್ಪ ಗೋಡೆ, ಹಂಡೆಯ ತಳ ಮತ್ತು ಪಕ್ಕ ಎರಡನ್ನೂ ತಾಕಿ ಹೋಗುವ ಉರಿ, ಹೊಗೆಗೆ ಚಿಮಣಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ 'ಅಸ್ತ್ರ' ಕೇಂದ್ರ ಇದೇ ತತ್ವದ ಮೇಲೆ ಅಸ್ತ್ರ ಒಲೆಯನ್ನು ರೂಪಿಸಿತು. ಕರ್ನಾಟಕದ ಹಳ್ಳಿಗಳಿಗೆ ವಿಜ್ಞಾನ ಕೊಟ್ಟ ಒಳ್ಳೆಯ ಕೊಡುಗೆಗಳಲ್ಲಿ ಅದೊಂದು ಎಂದೇ ನಾನು ನಂಬುತ್ತೇನೆ. ಅಡುಗೆಮನೆಯ ಹೊಗೆ ಹೆಂಗಸರ ಶ್ವಾಸಕೋಶವನ್ನು ಹಾಳುಮಾಡುತ್ತಿದ್ದುದನ್ನು 'ಅದು ಇದ್ದದ್ದೇ' ಎಂದು ಬಿಟ್ಟಿದ್ದ ಕಾಲದಲ್ಲಿ, ಒಲೆಯೂ ಯೋಚನೆಗೆ ತಕ್ಕ ವಸ್ತು ಎಂದು ಅವರು ತೋರಿಸಿದರು.

ಚಿಮಣಿಯನ್ನು ತಿಂಗಳಿಗೊಮ್ಮೆಯಾದರೂ ಮಸಿ ಕೆರೆದು ಸ್ವಚ್ಛ ಮಾಡಿ. ಹಂಡೆಗೆ ಮುಚ್ಚಳ ಇಡಿ. ಕೂಲಿ ಲೈನ್ ಮನೆಗಳಿರುವ ತೋಟದ ಮಾಲೀಕರು ಈ ಒಲೆಗಳನ್ನು ಮೊದಲು ಅಲ್ಲಿ ಹಾಕಿಸಬೇಕು. ಹೊಗೆ ಹೆಚ್ಚು ಕುಡಿಯುವವರು ಅಲ್ಲಿದ್ದಾರೆ.

ಸೋಲಾರ್ ವಾಟರ್ ಹೀಟರ್ ಮಲೆನಾಡಿನಲ್ಲಿ ಕೆಲಸ ಮಾಡುತ್ತದೆಯೇ?

ಮಾಡುತ್ತದೆ, ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟು. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಮಳೆಗಾಲದಲ್ಲಿ ಅದನ್ನು ನೆಚ್ಚಿ ಕೂರಬೇಡಿ; ಆಗ ಹಂಡೆಯೇ ಗತಿ. ಉಳಿದ ತಿಂಗಳುಗಳಲ್ಲಿ, ಅದರಲ್ಲೂ ಚಳಿಗಾಲದ ತಿಳಿ ಬಿಸಿಲಿನಲ್ಲಿ, ಚೆನ್ನಾಗಿ ಕಾಯುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ಕಡೆಯವರಿಗೆ ವರ್ಷದ ಬಹುಪಾಲು ಪ್ರಯೋಜನ.

ಖರೀದಿಗೆ ಮುಂಚೆ ನೀರನ್ನು ನೋಡಿ. ಬೋರ್‌ವೆಲ್ ನೀರು ಗಡಸಾಗಿರುವ ಬಯಲುಸೀಮೆಯಲ್ಲಿ ತಾಮ್ರದ ಸಣ್ಣ ಕೊಳವೆಗಳಿರುವ ಫ್ಲಾಟ್ ಪ್ಲೇಟ್ ಮಾದರಿ ಸುಣ್ಣ ಕಟ್ಟಿಕೊಂಡು ನಿಲ್ಲುತ್ತದೆ. ಅಲ್ಲಿ ಗಾಜಿನ ಕೊಳವೆಯ ಮಾದರಿಯೇ ವಾಸಿ, ಬಿಚ್ಚಿ ತೊಳೆಯಬಹುದು. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಲಿ, ಮರದ ನೆರಳು ಬೀಳದಿರಲಿ. ಟ್ಯಾಂಕಿನಿಂದ ಬಚ್ಚಲವರೆಗಿನ ಪೈಪು ಗಿಡ್ಡವಿದ್ದಷ್ಟೂ ಒಳ್ಳೆಯದು. ಉದ್ದ ಪೈಪಿನಲ್ಲಿ ತಣ್ಣಗಾದ ನೀರನ್ನು ದಿನವೂ ಚೆಲ್ಲುವುದು ನೀರಿಗೂ ನಷ್ಟ, ಶಾಖಕ್ಕೂ ನಷ್ಟ.

ಗೋಬರ್ ಗ್ಯಾಸ್ ಹಳೇ ಕಾಲದ್ದಲ್ಲವೇ? ಈಗ ಯಾಕೆ?

ಹಳೆಯದು ನಿಜ, ಅದಕ್ಕೇ ನಂಬಬಹುದು. ಎರಡು ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕೆಜಿ ಸಗಣಿ, ಅಷ್ಟೇ ನೀರು ಬೇಕು. ಒಂದು ಘನ ಮೀಟರ್ ಗೋಬರ್ ಗ್ಯಾಸ್ ಸುಮಾರು 0.43 ಕೆಜಿ ಎಲ್‌ಪಿಜಿಗೆ ಸಮ. ಘಟಕ ಪೂರ್ತಿ ಅನಿಲ ಕೊಟ್ಟರೆ ತಿಂಗಳಿಗೆ ಎರಡು ಸಿಲಿಂಡರಿಗೆ ಹತ್ತಿರದ ಶಾಖ. ನಾಲ್ಕೈದು ಜನರ ಅಡುಗೆಗೆ ಸಾಕು.

ಎಷ್ಟು ದನ ಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸುವ ಸೀಮೆ ಹಸು ನಾಲ್ಕಿದ್ದರೆ ನಡೆಯುತ್ತದೆ. ಮಲೆನಾಡು ಗಿಡ್ಡಗಳಾದರೆ ಮೈ ಚಿಕ್ಕದು, ಹಗಲೆಲ್ಲ ಹೊರಗೆ ಮೇಯುತ್ತವೆ. ಸಗಣಿ ಬೀಳುವುದು ಗುಡ್ಡದಲ್ಲಿ. ಅಂಥ ಮನೆಯವರು ಒಂದು ಘನ ಮೀಟರಿನ ಸಣ್ಣ ಘಟಕದ ಬಗ್ಗೆ ಯೋಚಿಸುವುದು ಒಳ್ಳೆಯದು. ದೊಡ್ಡದು ಕಟ್ಟಿಸಿ ಹಸಿವಿನಲ್ಲಿಡುವುದು ಬೇಡ.

ನಮ್ಮ ಮಳೆಗೆ 1984ರಲ್ಲಿ ರೂಪುಗೊಂಡ ದೀನಬಂಧು ಮಾದರಿ ಹೊಂದುತ್ತದೆ: ಇಟ್ಟಿಗೆಯ ಗುಮ್ಮಟ ನೆಲದೊಳಗೆ ಇರುತ್ತದೆ, ತುಕ್ಕು ಹಿಡಿಯುವ ಕಬ್ಬಿಣದ ಡ್ರಮ್ ಇಲ್ಲ. ಚಳಿಗಾಲದಲ್ಲಿ ಅನಿಲ ತಗ್ಗುವುದು ಸಹಜ, ಏಕೆಂದರೆ ಒಳಗಿನ ಸೂಕ್ಷ್ಮಜೀವಿಗಳಿಗೆ ಬೆಚ್ಚಗಿರಬೇಕು. ಬಿಸಿಲಿಗೆ ಇಟ್ಟು ಬೆಚ್ಚಗಾದ ನೀರಿನಲ್ಲಿ ಸಗಣಿ ಕದಡಿ, ಗುಮ್ಮಟದ ಮೇಲೆ ಹುಲ್ಲೋ ತರಗೆಲೆಯೋ ಹೊದಿಸಿ. ಕೊಟ್ಟಿಗೆಗೆ ಫಿನೈಲ್ ಹಾಕಿ ತೊಳೆದ ನೀರು ಒಳಗೆ ಹೋಗಬಾರದು. ಅದು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಉರಿ ನೆಗೆನೆಗೆದು ಆರುತ್ತಿದ್ದರೆ ಪೈಪಿನಲ್ಲಿ ನೀರು ಕಟ್ಟಿದೆ ಎಂದರ್ಥ. ಪೈಪನ್ನು ಇಳಿಜಾರಾಗಿ ಹಾಕಿಸಿ, ತಗ್ಗಿನಲ್ಲಿ ನೀರು ಬಿಡಲು ಒಂದು ನಲ್ಲಿ ಇಡಿಸಿ.

ಸೋರುವ ಘಟಕವನ್ನು ಹಾಗೇ ಬಿಡಬೇಡಿ. ಗೋಬರ್ ಗ್ಯಾಸಿನ ಮುಖ್ಯ ಭಾಗವಾದ ಮೀಥೇನ್ ಸುಡದೆ ಗಾಳಿಗೆ ಸೇರಿದರೆ, ನೂರು ವರ್ಷದ ಲೆಕ್ಕದಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತೈದು ಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಅನಿಲ ಕೊಟ್ಟು ಘಟಕದಿಂದ ಹೊರಬರುವ ಸಗಣಿ ಬಗ್ಗಡ, ಅಂದರೆ ಸ್ಲರಿಯಂತೂ ಅಡಿಕೆಗೂ ಕಾಫಿಗೂ ಮೆಣಸಿಗೂ ಒಳ್ಳೆಯ ಆಹಾರ. ಎಷ್ಟೋ ಬೆಳೆಗಾರರು ಗ್ಯಾಸಿಗಿಂತ ಸ್ಲರಿಗಾಗಿಯೇ ಘಟಕ ಇಟ್ಟುಕೊಂಡಿದ್ದಾರೆ, ಅವರ ಲೆಕ್ಕ ಸರಿಯಾಗಿಯೇ ಇದೆ.

ದನ ಇಲ್ಲ, ಪಟ್ಟಣದ ಮನೆ. ಅಡುಗೆಮನೆ ಕಸಕ್ಕೆ ಏನು ಮಾಡುವುದು?

ನೆರೆಯಲ್ಲಿ ಹಸು ಇದ್ದರೆ ಕಲಗಚ್ಚಿನ ಬಕೆಟ್ಟಿನಷ್ಟು ಒಳ್ಳೆಯ ವ್ಯವಸ್ಥೆ ಇನ್ನೊಂದಿಲ್ಲ. ಇಲ್ಲದಿದ್ದರೆ ಪೈಪ್ ಕಾಂಪೋಸ್ಟ್ ಮಾಡಿ: ಎಂಟು ಇಂಚಿನ ಪಿವಿಸಿ ಪೈಪನ್ನು ಒಂದು ಅಡಿ ನೆಲದೊಳಗೆ ನೆಟ್ಟಗೆ ಹೂತು, ದಿನದ ಹಸಿ ಕಸದ ಜೊತೆ ಒಂದು ಹಿಡಿ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ, ಆಗೊಮ್ಮೆ ಈಗೊಮ್ಮೆ ಮಜ್ಜಿಗೆ ಇಲ್ಲವೇ ಸಗಣಿ ನೀರು ಹಾಕಿ, ಮುಚ್ಚಳ ಮುಚ್ಚಿ. ಒಂದು ಪೈಪು ತುಂಬುವಷ್ಟರಲ್ಲಿ ಇನ್ನೊಂದನ್ನು ಹೂಳಿ. ವಾಸನೆ ಬಂದರೆ ಒಣ ಎಲೆ ಕಡಿಮೆಯಾಗಿದೆ ಎಂದೇ ಅರ್ಥ. ಫಿಲ್ಟರಿನಲ್ಲಿ ಉಳಿದ ಕಾಫಿ ಚರಟವೂ ಇದಕ್ಕೇ ಹೋಗಲಿ.

ಹಸಿ, ಒಣ, ಅಪಾಯಕಾರಿ ಎಂದು ಮನೆಯಲ್ಲೇ ಬೇರೆ ಮಾಡಿ ಕೊಡಬೇಕು ಎಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದವು. ನಿಯಮಕ್ಕಿಂತ ದೊಡ್ಡ ಕಾರಣ ಪೌರಕಾರ್ಮಿಕರ ಕೈ. ಬೆರೆಸಿ ಕೊಟ್ಟ ಕಸವನ್ನು ಆಮೇಲೆ ಯಾರೋ ಒಬ್ಬರು ಬರಿಗೈಯಲ್ಲಿ ಬಿಡಿಸುತ್ತಾರೆ.

ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಸುಲಿಯುವ) ನೀರನ್ನು ಏನು ಮಾಡಬೇಕು? ಹಳ್ಳಕ್ಕೆ ಬಿಟ್ಟರೆ ಕೊಚ್ಚಿಹೋಗುವುದಿಲ್ಲವೇ?

ಕೊಚ್ಚಿಹೋಗುವುದಿಲ್ಲ, ಅದೇ ತೊಂದರೆ. ಹಣ್ಣು ಕುಯ್ಯುವುದು ನವೆಂಬರಿನಿಂದ ಫೆಬ್ರವರಿ. ಹಳ್ಳಗಳು ಸೊರಗುವ ಕಾಲವೂ ಅದೇ. ಪಲ್ಪಿಂಗ್ ನೀರಿನಲ್ಲಿ ಹಣ್ಣಿನ ಲೋಳೆಯ ಸಕ್ಕರೆ, ಆಮ್ಲ, ಟ್ಯಾನಿನ್ ಎಲ್ಲ ಇರುತ್ತದೆ. ಆ ಸಕ್ಕರೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ನೀರು ಕಪ್ಪಾಗುತ್ತದೆ, ನಾರುತ್ತದೆ, ಮೀನು ಸಾಯುತ್ತವೆ.

ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ಯೋಚಿಸಿ. ಮೂಡಿಗೆರೆ, ಸಕಲೇಶಪುರದ ಹಳ್ಳಗಳ ನೀರು ಹೇಮಾವತಿಗೆ ಸೇರಿ ಗೊರೂರಿನ ಜಲಾಶಯ ತಲುಪುತ್ತದೆ. ಹಾಸನದ ನಲ್ಲಿಗಳಿಗೆ ಬರುವುದು ಅದೇ ನೀರು. ಬಾಬಾಬುಡನ್‌ಗಿರಿ ಕಡೆಯಿಂದ ಇಳಿಯುವ ಯಗಚಿಯ ನೀರು ಬೇಲೂರಿಗೂ ಚಿಕ್ಕಮಗಳೂರಿಗೂ ಕುಡಿಯಲು ಹೋಗುತ್ತದೆ. ನಮ್ಮ ಪಲ್ಪರ್ ಮನೆಯಿಂದ ನೆಂಟರ ಮನೆಯ ಬಿಂದಿಗೆಯವರೆಗೆ ಇರುವುದು ಒಂದೇ ಇಳಿಜಾರು.

ಮಾಡಬೇಕಾದ್ದು ಇಷ್ಟು. ಮೊದಲು ನೀರಿನ ಬಳಕೆಯನ್ನೇ ಇಳಿಸಿ: ಲೋಳೆಯನ್ನು ಯಂತ್ರದಲ್ಲೇ ಉಜ್ಜಿ ತೆಗೆಯುವ ಈಕೋ ಪಲ್ಪರುಗಳು ಹುಳಿಹಾಕಿ ತೊಳೆಯುವ ಹಳೆಯ ಪದ್ಧತಿಗಿಂತ ಬಹಳ ಕಡಿಮೆ ನೀರು ಕೇಳುತ್ತವೆ. ಹಳೆಯ ಯಂತ್ರವೇ ಇದ್ದರೂ ದಿನದ ಪಲ್ಪಿಂಗ್ ನೀರನ್ನು ಸೋಸಿ ಅದೇ ದಿನ ಮರುಬಳಸಬಹುದು. ಸಿಪ್ಪೆಯನ್ನು ನೀರಿನಲ್ಲಿ ತೇಲಿಸಿ ಸಾಗಿಸಬೇಡಿ, ಆದಷ್ಟು ಬೇಗ ಬೇರೆ ಮಾಡಿ. ನೀರಿನಲ್ಲಿ ನೆನೆದಷ್ಟೂ ಕೊಳೆ ಬಿಡುತ್ತದೆ. ಉಳಿದ ನೀರನ್ನು ತೊಟ್ಟಿಗೆ ಹರಿಸಿ, ಸುಣ್ಣ ಹಾಕಿ ಆಮ್ಲ ತಗ್ಗಿಸಿ, ಸಗಣಿ ಬಗ್ಗಡ ಸೇರಿಸಿ ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಸಿ, ನಂತರ ಗಾಳಿಯಾಡುವ ತೊಟ್ಟಿಯಲ್ಲಿ ತಿಳಿಯಾಗಿಸಿ. ಗಾಳಿಯಾಡದ ತೊಟ್ಟಿಗೆ ಮುಚ್ಚಳ ಕೂರಿಸಿದರೆ ಅಲ್ಲಿಯೂ ಗ್ಯಾಸು ಸಿಗುತ್ತದೆ.

ಇಷ್ಟೆಲ್ಲ ಕಟ್ಟಿಸುವ ಶಕ್ತಿ ಇಲ್ಲದ ಎರಡು, ಮೂರು ಎಕರೆಯವರಿಗೆ ನನ್ನ ನೇರ ಮಾತು: ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಬೀಜ) ಮಾಡಬೇಡಿ, ಹಣ್ಣನ್ನು ಕಣದಲ್ಲಿ ಒಣಗಿಸಿ ಚೆರಿ ಮಾಡಿ. ಬೆಲೆ ಸ್ವಲ್ಪ ಕಡಿಮೆ ಸಿಗಬಹುದು, ಹಳ್ಳಕ್ಕೆ ಒಂದು ಹನಿ ಕೊಳೆಯೂ ಹೋಗುವುದಿಲ್ಲ. ಅಕ್ಕಪಕ್ಕದ ನಾಲ್ಕೈದು ಮನೆಯವರು ಸೇರಿ ಒಂದೇ ಪಲ್ಪರ್, ಒಂದೇ ತೊಟ್ಟಿ ಮಾಡಿಕೊಳ್ಳುವುದು ಇನ್ನೂ ಒಳ್ಳೆಯ ದಾರಿ.

ಕಾಫಿ ಸಿಪ್ಪೆಯನ್ನು ನೇರ ಗಿಡದ ಬುಡಕ್ಕೆ ಹಾಕಬಹುದೇ?

ಹಸಿಯಾಗಿ ಬೇಡ. ಕೊಳೆಯುವಾಗ ಬಿಸಿಯಾಗುತ್ತದೆ, ಹುಳಿಯಾಗಿರುತ್ತದೆ, ನೊಣ ಕೂರುತ್ತವೆ. ಹಣ್ಣಿನ ತೂಕದಲ್ಲಿ ಸುಮಾರು ಶೇ 40ರಷ್ಟು ಸಿಪ್ಪೆಯೇ, ಅದರಲ್ಲಿ ಪೊಟ್ಯಾಷ್ ಚೆನ್ನಾಗಿದೆ, ಕಳೆದುಕೊಳ್ಳುವ ವಸ್ತುವಲ್ಲ. ತರಗೆಲೆ, ಸಗಣಿ, ಸ್ವಲ್ಪ ಸುಣ್ಣದ ಜೊತೆ ಪದರ ಪದರವಾಗಿ ಪೇರಿಸಿ, ಮಳೆ ಬೀಳದಂತೆ ಮುಚ್ಚಿ, ಆಗಾಗ ಮಗುಚಿ. ಮೂರು ನಾಲ್ಕು ತಿಂಗಳಲ್ಲಿ ಕಪ್ಪು ಗೊಬ್ಬರವಾಗುತ್ತದೆ. ಜನವರಿಯಲ್ಲಿ ಹಾಕಿದ ರಾಶಿ ಮುಂಗಾರಿನ ಗೊಬ್ಬರದ ಹೊತ್ತಿಗೆ ಕೈಗೆ ಬರುತ್ತದೆ.

ಕ್ಯೂರಿಂಗ್ ವರ್ಕ್ಸ್‌ನ (ಒಣಗಿದ ಕಾಫಿಯ ಹೊಟ್ಟು ತೆಗೆದು ಹಸನು ಮಾಡುವ ಕಾರ್ಖಾನೆಯ) ಹೊಟ್ಟು?

ಒಳ್ಳೆಯ ಒಣ ಇಂಧನ. ಬಾಯ್ಲರುಗಳಿಗೆ, ಡ್ರೈಯರುಗಳಿಗೆ ಹೋಗುತ್ತದೆ, ಒತ್ತಿ ಬ್ರಿಕೆಟ್ ಮಾಡಿದರೆ ಸಾಗಿಸುವುದು ಸುಲಭ. ರಾಶಿ ಹಾಕಿ ಸುಮ್ಮನೆ ಸುಡುವುದೊಂದನ್ನು ಮಾತ್ರ ಯಾರೂ ಮಾಡಬಾರದು.

ಅರಸೀಕೆರೆ ಕಡೆ ತೆಂಗಿನ ಮಟ್ಟೆ ರಾಶಿ ಬೀಳುತ್ತದೆ. ಅದಕ್ಕೆ ದಾರಿ?

ಮಟ್ಟೆಯನ್ನು ಬೋರಲು ಹಾಕದೆ, ಒಳಭಾಗ ಮೇಲೆ ಮಾಡಿ ಮರದ ಸುತ್ತ ಗುಂಡಿಯಲ್ಲಿ ಹೂಳಿದರೆ ನೀರು ಹಿಡಿದಿಡುತ್ತದೆ. ನಾರಿನ ಕಾರ್ಖಾನೆಯಲ್ಲಿ ಉಳಿಯುವ ಪುಡಿ ತನ್ನ ತೂಕದ ಐದಾರು ಪಟ್ಟು ನೀರು ಹೀರುತ್ತದೆ. ಅದರಲ್ಲಿ ಲಿಗ್ನಿನ್ ಹೆಚ್ಚಿರುವುದರಿಂದ ತಾನಾಗಿ ಬೇಗ ಕೊಳೆಯುವುದಿಲ್ಲ. ಅಣಬೆಯ ಬೀಜ ಮತ್ತು ಸ್ವಲ್ಪ ಯೂರಿಯಾ ಬೆರೆಸಿ ಕಾಂಪೋಸ್ಟ್ ಮಾಡುವ ಪದ್ಧತಿ ಬಳಕೆಯಲ್ಲಿದೆ. ಕಾಫಿ ನರ್ಸರಿಯವರು ಈ ಪುಡಿಯನ್ನು ಮರುಬಳಸುವ ರೂಟ್ ಟ್ರೇನರುಗಳಿಗೆ (ಸಸಿ ಬೆಳೆಸುವ ಗಟ್ಟಿ ಕುಳಿಗಳಿಗೆ) ತುಂಬಿದರೆ ಪ್ರತಿ ವರ್ಷ ಸಾವಿರಗಟ್ಟಲೆ ಪ್ಲಾಸ್ಟಿಕ್ ಚೀಲ ತೋಟದ ಮಣ್ಣಿಗೆ ಬೀಳುವುದು ತಪ್ಪುತ್ತದೆ.

ಹೊಂಗೆ ಬೀಜದಿಂದ ಡೀಸೆಲ್ ಮಾಡುತ್ತಾರಂತೆ, ನಿಜವೇ?

ನಿಜ. ಹಾಸನದ ಬಳಿ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಬೀಜಗಳ ಎಣ್ಣೆಯ ಮೇಲೆ ಕೆಲಸ ಮಾಡುತ್ತ ಬಂದಿದೆ. ಎಣ್ಣೆಗೆ ಮೆಥನಾಲ್ ಮತ್ತು ಕ್ಷಾರ ಬೆರೆಸಿ ಕಾಯಿಸಿದರೆ ಜೈವಿಕ ಡೀಸೆಲ್ ಮತ್ತು ಗ್ಲಿಸರಿನ್ ಬೇರೆಯಾಗುತ್ತವೆ. ಮನೆಯಲ್ಲಿ ಪ್ರಯತ್ನಿಸುವ ಕೆಲಸವಲ್ಲ, ಮೆಥನಾಲ್ ವಿಷ. ರೈತರ ಪಾಲಿನ ಲಾಭ ಬದುವಿನಲ್ಲಿದೆ: ಹೊಂಗೆ ಬದುವಿನಲ್ಲಿ ಬೆಳೆಯುತ್ತದೆ, ಹೊಲದ ಜಾಗ ಕೇಳುವುದಿಲ್ಲ, ಬೀಜ ಮಾರಬಹುದು, ಹಿಂಡಿ ಒಳ್ಳೆಯ ಗೊಬ್ಬರ.

ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ. ಕರೆಂಟು ಉಳಿಸಿ ಏನು ಪ್ರಯೋಜನ?

2023ರಲ್ಲಿ ಶುರುವಾದ ಈ ಯೋಜನೆಯಲ್ಲಿ 200 ಯೂನಿಟ್ ಎಲ್ಲರಿಗೂ ಉಚಿತ ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಹಿಂದಿನ ವರ್ಷದ ನಿಮ್ಮ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು ಮಾತ್ರ ಉಚಿತ ಎಂಬ ಲೆಕ್ಕದಲ್ಲಿ ಅದು ಜಾರಿಯಾಯಿತು. ಅದನ್ನು ಮೀರಿದ್ದಕ್ಕೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. ಗೀಸರ್ ಹೊಸದಾಗಿ ಹಾಕಿಸಿದ ತಿಂಗಳೇ ಎಷ್ಟೋ ಮನೆಗಳಿಗೆ ಇದು ಅರಿವಿಗೆ ಬರುತ್ತದೆ. 75 ವ್ಯಾಟಿನ ಹಳೆಯ ಫ್ಯಾನಿನ ಬದಲು 30 ವ್ಯಾಟಿನ ಆಸುಪಾಸಿನ ಬಿಎಲ್‌ಡಿಸಿ ಫ್ಯಾನು, ಸ್ಟಾರ್ ಗುರುತು ಹೆಚ್ಚಿರುವ ಫ್ರಿಜ್ಜು ಇದ್ದರೆ ಗೆರೆಯೊಳಗೆ ಉಳಿಯುವುದು ಸುಲಭ.

ಚಾವಣಿ ಮೇಲೆ ಸೋಲಾರ್ ವಿದ್ಯುತ್ ಹಾಕಿಸಬೇಕೇ?

ನಿಮ್ಮ ಊರು ಯಾವುದು ಎಂಬುದರ ಮೇಲೆ ಹೋಗುತ್ತದೆ. ಒಂದು ಕಿಲೋವ್ಯಾಟಿಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ಒಳ್ಳೆಯ ಬಿಸಿಲಿನ ದಿನ ನಾಲ್ಕು ಯೂನಿಟ್ ಆಸುಪಾಸು ಬರುತ್ತದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ಹಾಸನದವರು ಸೆಸ್ಕ್, ಚಿಕ್ಕಮಗಳೂರಿನವರು ಮೆಸ್ಕಾಂ ವಿದ್ಯುತ್ ಕಂಪನಿಯ ಮೂಲಕ ನೆಟ್ ಮೀಟರ್ (ಲೈನಿನಿಂದ ಪಡೆದ, ಲೈನಿಗೆ ಕೊಟ್ಟ ವಿದ್ಯುತ್ ಎರಡನ್ನೂ ಅಳೆಯುವ ಮೀಟರ್) ಪಡೆಯಬೇಕು.

ಅಂಗಡಿಯವರು ಅಷ್ಟಾಗಿ ಹೇಳದ ಒಂದು ಸಂಗತಿ: ಬ್ಯಾಟರಿ ಇಲ್ಲದ ಸಾಮಾನ್ಯ ವ್ಯವಸ್ಥೆ, ಲೈನಿನಲ್ಲಿ ಕರೆಂಟು ಹೋದರೆ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದೇ ಹಾಗೆ ಮಾಡಿರುತ್ತಾರೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ತೋಟದ ಮನೆಗೆ ಬೆಳಕು ಬೇಕೆಂದರೆ ಬ್ಯಾಟರಿ ಇರುವ ಹೈಬ್ರಿಡ್ ವ್ಯವಸ್ಥೆಯನ್ನೇ ಕೇಳಿ. ಬಯಲುಸೀಮೆಯ ತಾರಸಿ ಮನೆಗೆ ಚಾವಣಿ ಸೋಲಾರ್ ಕಣ್ಣುಮುಚ್ಚಿ ಸೈ ಎನ್ನುತ್ತೇನೆ. ಸಿಲ್ವರ್ ಓಕ್ ನಡುವಿನ ಹೆಂಚಿನ ಮನೆಗೆ ಆ ಹಣ ಮೊದಲು ಒಲೆಗೂ ಗೋಬರ್ ಗ್ಯಾಸಿಗೂ ಹೋಗಲಿ.

ಮದುವೆ, ಜಾತ್ರೆ ಊಟಕ್ಕೆ ಯಾವ ತಟ್ಟೆ?

ಬಾಳೆ ಎಲೆ. ಅದಾಗದಿದ್ದರೆ ತೊಳೆದು ಬಳಸುವ ಸ್ಟೀಲ್ ತಟ್ಟೆ, ಲೋಟ. ಊರಿನ ಸಂಘದವರು ಒಮ್ಮೆ ಕೊಂಡಿಟ್ಟು ಬಾಡಿಗೆಗೆ ಕೊಟ್ಟರೆ ಸಂಘಕ್ಕೂ ಆದಾಯ. ಅಡಿಕೆ ಹಾಳೆ ತಟ್ಟೆ ಮೂರನೆಯದು. ಥರ್ಮಾಕೋಲ್ ತಟ್ಟೆ, ಪ್ಲಾಸ್ಟಿಕ್ ಲೋಟಗಳನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿದೆ. ದೇಶಾದ್ಯಂತ 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧವಿದೆ.

'ಮಣ್ಣಲ್ಲಿ ಕರಗುವ' ಚೀಲ ಕೊಳ್ಳಬಹುದೇ?

ಹಸಿರು ಬಣ್ಣ ನೋಡಿ ನಂಬಬೇಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ವಿವರ ಚೀಲದ ಮೇಲೆ ಇದೆಯೇ ನೋಡಿ. ಇದ್ದರೂ ಅದು ಬಿಸಿಯಾದ ದೊಡ್ಡ ಕಾಂಪೋಸ್ಟ್ ರಾಶಿಯಲ್ಲಿ ಕರಗುವಂಥದ್ದು, ಮುಳ್ಳಯ್ಯನಗಿರಿಯ ತಣ್ಣನೆಯ ಹುಲ್ಲಿನಲ್ಲಿ ಅಲ್ಲ. ಬಟ್ಟೆ ಚೀಲವೇ ಸಾಕು.

ಪ್ಲಾಸ್ಟಿಕ್ ಕವರನ್ನು ಹಂಡೆ ಒಲೆಗೆ ಹಾಕಿದರೆ ಬೇಗ ಉರಿಯುತ್ತದಲ್ಲ?

ದಯವಿಟ್ಟು ಹಾಕಬೇಡಿ. ಒಲೆಯ ಉರಿಗೆ ಪ್ಲಾಸ್ಟಿಕ್ ಪೂರ್ತಿ ಸುಡುವುದಿಲ್ಲ. ಪಿವಿಸಿ ಇದ್ದರೆ ಡಯಾಕ್ಸಿನ್‌ನಂಥ ವಿಷ ಹುಟ್ಟುತ್ತದೆ. ಬಚ್ಚಲಲ್ಲಿ ಅದನ್ನು ಉಸಿರಾಡುವವರು ಮಕ್ಕಳು. ಬೂದಿಯನ್ನು ಗಿಡಕ್ಕೂ ಹಾಕಲಾಗದು.

ಹೋಮ್‌ಸ್ಟೇ ನಡೆಸುತ್ತೇವೆ. ನೀರಿನ ಬಾಟಲಿ ಕಸ ಹೇಗೆ ತಗ್ಗಿಸುವುದು?

ಕಾಯಿಸಿ ಸೋಸಿದ ನೀರನ್ನು ಗಾಜಿನ ಹೂಜಿಯಲ್ಲಿ ಕೋಣೆಗೆ ಇಡಿ, ಗುಡ್ಡಕ್ಕೆ ಹೊರಡುವವರ ಬಾಟಲಿ ತುಂಬಿಸಿ ಕಳಿಸಿ. ಬುಕಿಂಗ್ ಸಮಯದಲ್ಲೇ ತಮ್ಮ ಬಾಟಲಿ ತರಲು ಹೇಳಿ. ಬಂದವರು ಹೇಳಿದಂತೆ ಕೇಳುತ್ತಾರೆ, ಹೇಳುವವರು ಬೇಕಷ್ಟೆ.

ಕೆಟ್ಟ ಟ್ಯೂಬ್‌ಲೈಟು, ಯುಪಿಎಸ್ ಬ್ಯಾಟರಿ, ಔಷಧಿ ಡಬ್ಬಿ ಎಲ್ಲಿಗೆ?

ಟ್ಯೂಬ್‌ಲೈಟು, ಸಿಎಫ್‌ಎಲ್‌ಗಳಲ್ಲಿ ಪಾದರಸ ಇದೆ, ಒಡೆಯಬೇಡಿ. ಬೇರೆಯಾಗಿ ಕಟ್ಟಿ ಅಪಾಯಕಾರಿ ಕಸ ಎಂದು ಕಸದ ಗಾಡಿಯವರಿಗೆ ತಿಳಿಸಿ ಕೊಡಿ. ಸೀಸದ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಹಿಂತಿರುಗಿಸಿ, ಬೆಲೆಯಲ್ಲಿ ಕಡಿತ ಸಿಗುತ್ತದೆ. ಕೀಟನಾಶಕದ ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ತೊಳೆದ ನೀರನ್ನು ಸಿಂಪರಣೆಯ ಟ್ಯಾಂಕಿಗೇ ಸುರಿದು, ಡಬ್ಬಿಗೆ ತೂತು ಮಾಡಿ. ಅದರಲ್ಲಿ ಉಪ್ಪು, ಎಣ್ಣೆ ತುಂಬಿಡುವ ಅಭ್ಯಾಸ ಲೈನ್ ಮನೆಗಳಲ್ಲಿ ಇದ್ದರೆ ಕೂತು ಮಾತಾಡಿ ಬಿಡಿಸಿ.

ಇದಕ್ಕೆಲ್ಲ ಯಾರನ್ನು ಕೇಳಬೇಕು?

ಪಲ್ಪಿಂಗ್ ನೀರು, ಸಿಪ್ಪೆ ಗೊಬ್ಬರದ ಬಗ್ಗೆ ನಿಮ್ಮ ಭಾಗದ ಕಾಫಿ ಮಂಡಳಿಯ ಸಂಪರ್ಕ ಕಚೇರಿ. ಬಾಳೆಹೊನ್ನೂರಿನ ಬಳಿ 1925ರಿಂದಲೂ ಇರುವ ಕಾಫಿ ಸಂಶೋಧನಾ ಕೇಂದ್ರದಲ್ಲೂ ವಿಚಾರಿಸಬಹುದು. ಗೋಬರ್ ಗ್ಯಾಸಿಗೆ ಗ್ರಾಮ ಪಂಚಾಯಿತಿ ಮತ್ತು ಕೃಷಿ ಇಲಾಖೆ, ಸೋಲಾರಿಗೆ ಸೆಸ್ಕ್ ಅಥವಾ ಮೆಸ್ಕಾಂ ಉಪವಿಭಾಗ. ಸಹಾಯಧನದ ಮೊತ್ತ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಮುಂಗಡ ಕೊಡುವ ಮುನ್ನ ಕಚೇರಿಗೆ ಹೋಗಿ ಈ ಸಾಲಿನ ದರವನ್ನು ಕೇಳಿ ಬರೆದುಕೊಳ್ಳಿ.